ಪಂಪಿನ ಹೆಸರಿಗೆ ಬರೆದ ಕರೆಂಟು

ನಮ್ಮ ವಾಚನಾಲಯಕ್ಕೆ ಪೇಪರ್ ಓದಲು ಬರುವವರಷ್ಟೇ ಅಲ್ಲ, ಲೈಟ್ ಬಿಲ್ ಓದಿಸಲು ಬರುವವರೂ ಇದ್ದಾರೆ. ಬಿಲ್ ಮರಾಠಿಯಲ್ಲಿರುತ್ತದೆ. ಸಂತೆ, ಕಚೇರಿಗಳಲ್ಲಿ ಮಾತಾಡುವಷ್ಟು ಮರಾಠಿ ನಮಗೆಲ್ಲ ಬರುತ್ತದೆ. ಆದರೆ ‘ಸ್ಥಿರ ಆಕಾರ’, ‘ವಹನ ಆಕಾರ’, ‘ಇಂಧನ ಸಮಾಯೋಜನ ಆಕಾರ’ ಅಂದ್ರ ಏನು ಅಂತ ಮರಾಠಿ ಮನೆಮಾತಿನವರಿಗೂ ಥಟ್ಟನೆ ತಿಳಿಯುವುದಿಲ್ಲ. “ಮಾಸ್ತರ, ಸುಟ್ಟ ಯೂನಿಟ್ಟಿನ ರೊಕ್ಕ ಇಷ್ಟ ಐತಿ, ಮತ್ತ ಬಿಲ್ ಯಾಕ ಅಷ್ಟ ಬಂದೈತಿ?” ಅಂತ ಕೇಳುತ್ತಾರೆ. ಅಕ್ಕಲಕೋಟ ತಾಲೂಕಿನ ಕನ್ನಡ ಶಾಲೆಯಲ್ಲಿ ಗಣಿತ ಕಲಿಸಿದವನಾದ್ದರಿಂದ ಕೂಡಿಸಿ ಕಳೆದು ಹೇಳುವುದು ನನಗೆ ಕಷ್ಟವಲ್ಲ. ಆದರೆ ಪ್ರಶ್ನೆ ಕೂಡಿಸುವುದರದ್ದಲ್ಲ. ಆ ಸಾಲುಗಳು ಅಲ್ಲಿಗೆ ಹೇಗೆ ಬಂದವು ಅನ್ನುವುದು ಪ್ರಶ್ನೆ. ಒಂದೊಂದು ಸಾಲಿಗೂ ಒಂದೊಂದು ಇಸವಿ ಇದೆ, ಒಂದೊಂದು ಜಗಳ ಇದೆ. ಆ ಚರಿತ್ರೆಯನ್ನು ನನಗೆ ತಿಳಿದಷ್ಟು ಇಲ್ಲಿ ಬರೆಯುತ್ತೇನೆ. ಅದರೊಳಗ ಹೊಲದ ಮೋಟರಿನ ಪಾಲು ದೊಡ್ಡದು. ಅದಕ್ಕೇ ಇದು ನಮ್ಮ ಕಥೆ.

ಕರೆಂಟು ಮೊದಲು ಹಳ್ಳಿಗಾಗಿ ಬಂದದ್ದಲ್ಲ. 1902ರಲ್ಲಿ ಮೈಸೂರು ಸಂಸ್ಥಾನದ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಯಿತು. 1915ರಲ್ಲಿ ಟಾಟಾ ಕಂಪನಿಯವರು ಖೋಪೋಲಿಯಲ್ಲಿ ಮಾಡಿದ ವಿದ್ಯುತ್ತು ಮುಂಬೈಯ ಬಟ್ಟೆ ಗಿರಣಿಗಳಿಗೆ ಹೋಯಿತು. ರೊಕ್ಕ ಕೊಡುವವರಿದ್ದ ಕಡೆಗೆ ತಂತಿ ಹೋಗುತ್ತಿತ್ತು. ಸ್ವಾತಂತ್ರ್ಯ ಬಂದ ಮೇಲೆ 1948ರ ವಿದ್ಯುತ್ ಪೂರೈಕೆ ಕಾಯ್ದೆ ಈ ಪದ್ಧತಿ ಬದಲಿಸಿತು. ಪ್ರತಿ ರಾಜ್ಯಕ್ಕೂ ಒಂದು ಸರಕಾರಿ ಮಂಡಳಿ ಇರಬೇಕು, ಅದೇ ವಿದ್ಯುತ್ತು ತಯಾರಿಸಬೇಕು, ಅದೇ ಸಾಗಿಸಬೇಕು, ಅದೇ ಹಂಚಬೇಕು ಅಂತಾಯಿತು. ಮಹಾರಾಷ್ಟ್ರ ರಾಜ್ಯ ಹುಟ್ಟಿದ 1960ರಲ್ಲೇ ಮಹಾರಾಷ್ಟ್ರ ರಾಜ್ಯ ವಿದ್ಯುತ್ ಮಂಡಳಿಯೂ ಹುಟ್ಟಿತು. ಅದೇ ‘ಎಂಎಸ್‌ಇಬಿ’. ಆ ಮಂಡಳಿ ಮುಚ್ಚಿ ಎಷ್ಟೋ ವರ್ಷವಾದರೂ ನಮ್ಮ ಹಿರಿಯರ ಬಾಯಲ್ಲಿ ಇವತ್ತಿಗೂ ಅದೇ ಹೆಸರು. ಬಿಲ್ ತುಂಬಲು ಹೊರಟವರು ‘ಬೋರ್ಡಿಗೆ ಹೋಗಿ ಬರ್ತೀನಿ’ ಅಂತಲೇ ಹೇಳುತ್ತಾರೆ.

ಬೋರ್ಡು ಕೆಲಸ ಮಾಡಲಿಲ್ಲ ಅಂತ ಹೇಳಿದರೆ ಸುಳ್ಳಾದೀತು. ಕೊಯ್ನಾದ ನೀರಿನಿಂದ ವಿದ್ಯುತ್ತು ಬಂತು, ಹಳ್ಳಿ ಹಳ್ಳಿಗೆ ಕಂಬ ನಿಂತವು. ಲಾಭ ಬರುವ ಊರು ಯಾವುದು ಅಂತ ನೋಡಿ ತಂತಿ ಎಳೆದಿದ್ದರೆ ನಮ್ಮಂಥ ಒಣಬೇಸಾಯದ ಊರಿಗೆ ಅದು ಯಾವಾಗ ಬರುತ್ತಿತ್ತೋ ಏನೋ. 1972ರ ಬರ ನಮ್ಮ ಭಾಗದಲ್ಲಿ ನೆನಪಿಲ್ಲದ ಮನೆ ಇಲ್ಲ. ಆ ಬರದ ನಂತರ ಬಾವಿ ತೋಡುವುದು, ಬಾವಿಗೆ ಮೋಟರ್ ಕೂಡಿಸುವುದು ರಾಜ್ಯದಲ್ಲೆಲ್ಲ ಹೆಚ್ಚಿತು. ಮೋಟರ್ ಹೆಚ್ಚಾದಂತೆ ಹೊಲ ಹೊಲಕ್ಕೆ ಹೋಗಿ ಮೀಟರ್ ಓದುವುದು ಬೋರ್ಡಿಗೆ ಭಾರವಾಯಿತು. 1970ರ ದಶಕದಲ್ಲಿ ಒಂದು ಸುಲಭದ ದಾರಿ ಹುಡುಕಿದರು. ಮೀಟರ್ ಬೇಡ, ಮೋಟರ್ ಎಷ್ಟು ಹಾರ್ಸ್ ಪವರಿನದೋ ಅದಕ್ಕೆ ಇಷ್ಟು ಅಂತ ರೊಕ್ಕ ಕಟ್ಟಿದರೆ ಸಾಕು. ಮೂರರ ಮೋಟರಿಗೆ ಇಷ್ಟು, ಐದರ ಮೋಟರಿಗೆ ಇಷ್ಟು. ಎಷ್ಟು ತಾಸು ಓಡಿಸಿದಿ ಅಂತ ಯಾರೂ ಕೇಳುವಂತಿಲ್ಲ.

ರೈತನಿಗೆ ಇದು ಹಿಡಿಸಿತು, ಬೋರ್ಡಿಗೂ ಹಿಡಿಸಿತು. ರಾಜಕಾರಣಿಗಳಿಗಂತೂ ಬಹಳ ಹಿಡಿಸಿತು, ಯಾಕಂದ್ರ ಹಾರ್ಸ್ ಪವರಿನ ದರ ಎಲ್ಲರಿಗೂ ತಿಳಿಯುವ ಒಂದೇ ಅಂಕಿ. ಅದನ್ನು ಏರಿಸದೆ ಇಟ್ಟರೆ ಓಟು ಬರುತ್ತದೆ. ಆದರೆ ಮೀಟರ್ ಹೋದದ್ದರಿಂದ ಒಂದು ದೊಡ್ಡ ಕತ್ತಲು ಹುಟ್ಟಿತು. ಅದನ್ನು ಶಾಲೆಯ ಲೆಕ್ಕದಂತೆ ಬಿಡಿಸಿ ಹೇಳುತ್ತೇನೆ.

ಒಂದು ಉಪಕೇಂದ್ರದಿಂದ 100 ಯೂನಿಟ್ ಹೊರಟಿತು ಅಂತ ಇಟ್ಟುಕೊಳ್ಳೋಣ. ಮನೆ, ಅಂಗಡಿ, ಕಾರಖಾನೆಗಳ ಮೀಟರಿನಲ್ಲಿ ಕಂಡದ್ದು 50. ಉಳಿದ 50 ಎಲ್ಲಿ ಹೋಯಿತು? ಸ್ವಲ್ಪ ಹೊಲದ ಮೋಟರುಗಳಿಗೆ ಹೋಯಿತು. ಸ್ವಲ್ಪ ತಂತಿಯಲ್ಲಿ, ಡಿಪಿಯಲ್ಲಿ ಬಿಸಿಯಾಗಿ ಹೋಯಿತು. ಸ್ವಲ್ಪ ಕಳುವಾಯಿತು. ಮೋಟರಿಗೆ ಮೀಟರ್ ಇಲ್ಲ. ಹೀಗಾಗಿ ಲೆಕ್ಕ ಬರೆಯುವವರು ‘ಮೋಟರಿಗೆ 35, ನಷ್ಟ 15’ ಅಂತ ಬರೆದರೂ ಲೆಕ್ಕ ಕೂಡುತ್ತದೆ. ‘ಮೋಟರಿಗೆ 20, ನಷ್ಟ 30’ ಅಂತ ಬರೆದರೂ ಕೂಡುತ್ತದೆ. ಮೊದಲಿನಂತೆ ಬರೆದರೆ ಆ ಸಂಸ್ಥೆಯ ಕಾರಭಾರ ಚೆನ್ನಾಗಿದೆ, ರೈತ ಮಾತ್ರ ಮಿತಿಮೀರಿ ಸುಡುತ್ತಾನೆ ಅಂತ ಕಾಣುತ್ತದೆ. ಎರಡನೆಯದರಂತೆ ಬರೆದರೆ ರೈತ ಸುಟ್ಟದ್ದು ಕಡಿಮೆ, ಸೋರಿಕೆ ದೊಡ್ಡದು ಅಂತ ಕಾಣುತ್ತದೆ. ಯಾವುದನ್ನು ಬರೆಯಲು ಮನಸ್ಸಾದೀತು ಅಂತ ಬಿಡಿಸಿ ಹೇಳಬೇಕಿಲ್ಲ.

1990ರ ದಶಕದಲ್ಲಿ ಮಹಾರಾಷ್ಟ್ರದ ಮಂಡಳಿ ತನ್ನ ನಷ್ಟ ನೂರಕ್ಕೆ 20ರ ಒಳಗೆ ಅಂತ ಹೇಳುತ್ತಿತ್ತು. ದೇಶದ ಒಳ್ಳೆಯ ಮಂಡಳಿಗಳಲ್ಲಿ ಒಂದು ಅಂತ ಹೆಸರಿತ್ತು. ಅದೇ ಹೊತ್ತಿಗೆ ಪಟ್ಟಣದ ಮಂದಿ, ಕಾರಖಾನೆಯವರು ‘ರೈತರಿಂದ ನಮಗ ಬಿಲ್ ಜಾಸ್ತಿ’ ಅನ್ನುತ್ತಿದ್ದರು. ಹೊಲದ ದರ ಕಡಿಮೆ, ಆ ಕೊರತೆ ತುಂಬಲು ಕಾರಖಾನೆ, ಅಂಗಡಿಗಳ ದರ ಹೆಚ್ಚು ಅನ್ನುವುದು ನಿಜವೇ. ಆದರೆ ಎಷ್ಟು ಯೂನಿಟ್ಟಿಗೆ ಆ ರಿಯಾಯಿತಿ ಹೋಯಿತು ಅನ್ನುವ ಅಂಕಿ ಅಂದಾಜಿನದು. ಅಂದಾಜು ಉಬ್ಬಿದರೆ ರೈತನ ಮೇಲಿನ ಅಪವಾದವೂ ಉಬ್ಬುತ್ತದೆ.

ಈ ಕತ್ತಲಿನ ನಡುವೆಯೇ ‘ಸುಧಾರಣೆ’ ಅನ್ನುವ ಶಬ್ದ ಬಂತು. 1991ರಲ್ಲಿ ದೇಶದ ಬೊಕ್ಕಸ ಬರಿದಾಗಿತ್ತು. ಹೊಸ ವಿದ್ಯುತ್ ಕೇಂದ್ರ ಕಟ್ಟಲು ಸರಕಾರದ ಬಳಿ ಹಣವಿಲ್ಲ, ಖಾಸಗಿಯವರು ಬರಲಿ ಅಂತ ಕೇಂದ್ರ ಸರಕಾರ ಬಾಗಿಲು ತೆರೆಯಿತು. 1993ರಲ್ಲಿ ವಿಶ್ವಬ್ಯಾಂಕು ತನ್ನ ನೀತಿ ಬದಲಿಸಿ, ವಿದ್ಯುತ್ ವ್ಯವಸ್ಥೆ ಸುಧಾರಿಸಲು ಒಪ್ಪಿದವರಿಗೇ ಆ ಕ್ಷೇತ್ರಕ್ಕೆ ಸಾಲ ಅಂದಿತು. ಭಾರತಕ್ಕಷ್ಟೇ ಅಲ್ಲ, ಆಫ್ರಿಕಾ, ಏಷ್ಯಾ, ದಕ್ಷಿಣ ಅಮೆರಿಕದ ಬಡ ದೇಶಗಳಿಗೆಲ್ಲ ಹೆಚ್ಚುಕಡಿಮೆ ಒಂದೇ ಔಷಧಿ ಬರೆದುಕೊಟ್ಟರು: ಮಂಡಳಿ ಒಡೆಯಿರಿ, ಖಾಸಗಿಯವರನ್ನು ಕರೆಯಿರಿ, ದರ ಖರ್ಚಿಗೆ ಸರಿಯಾಗಿರಲಿ, ದರ ಹೇಳಲು ಸರಕಾರದಿಂದ ಹೊರಗಿನ ಒಂದು ಆಯೋಗ ಇರಲಿ. ರೋಗಿಯನ್ನು ಯಾರೂ ಕೇಳಲಿಲ್ಲ. ಬಿಲ್ ತುಂಬುವವನಿಗೆ ಈ ಶಬ್ದ ತಿಳಿದದ್ದೇ ದರ ಏರಿದಾಗ.

ಮಹಾರಾಷ್ಟ್ರದಲ್ಲಿ ಸುಧಾರಣೆಯ ಮೊದಲ ಹೆಸರು ಎನ್ರಾನ್. ಅಮೆರಿಕದ ಈ ಕಂಪನಿ 1992ರ ಜೂನಿನಲ್ಲಿ ರಾಜ್ಯದ ಮಂಡಳಿಯೊಂದಿಗೆ ಮೊದಲ ಒಪ್ಪಂದ ಬರೆಯಿತು. ರತ್ನಾಗಿರಿ ಜಿಲ್ಲೆಯ ದಾಭೋಳದಲ್ಲಿ ಕೇಂದ್ರ ಕಟ್ಟುವುದು, ಅಲ್ಲಿಯ ವಿದ್ಯುತ್ತನ್ನು ಮಂಡಳಿ ಕೊಳ್ಳುವುದು. ಇದು ದುಬಾರಿ, ಇಷ್ಟೊಂದು ವಿದ್ಯುತ್ತು ಬೇಕಾಗಿಲ್ಲ ಅಂತ ಹೇಳಿ 1993ರಲ್ಲಿ ವಿಶ್ವಬ್ಯಾಂಕೇ ಸಾಲ ಕೊಡಲು ಒಪ್ಪಲಿಲ್ಲ. ಆದರೂ ಅದೇ ವರ್ಷ ಡಿಸೆಂಬರಿನಲ್ಲಿ ಖರೀದಿ ಕರಾರಿಗೆ ಸಹಿ ಬಿತ್ತು. 1995ರ ಆಗಸ್ಟಿನಲ್ಲಿ ಹೊಸದಾಗಿ ಬಂದ ರಾಜ್ಯ ಸರಕಾರ ಕರಾರು ರದ್ದು ಮಾಡಿತು. ಆರು ತಿಂಗಳೊಳಗೆ ಅದೇ ಸರಕಾರ ಮತ್ತೆ ಮಾತುಕತೆ ಮಾಡಿ ಯೋಜನೆಯನ್ನು ಮೊದಲಿಗಿಂತ ದೊಡ್ಡದು ಮಾಡಿ ಒಪ್ಪಿಕೊಂಡಿತು.

ಕರಾರಿನ ಮುಖ್ಯ ಗುಟ್ಟು ಒಂದು ಶರತ್ತಿನಲ್ಲಿತ್ತು. ಮಂಡಳಿ ವಿದ್ಯುತ್ತು ತೆಗೆದುಕೊಳ್ಳಲಿ ಬಿಡಲಿ, ಕೇಂದ್ರ ತಯಾರಾಗಿ ನಿಂತಿದ್ದಕ್ಕೆ ತಿಂಗಳಾ ನಿಗದಿ ಹಣ ಕೊಡಲೇಬೇಕು. ಟ್ರ್ಯಾಕ್ಟರನ್ನು ವರ್ಷಕ್ಕೆಂದು ಗೊತ್ತು ಮಾಡಿದಂತೆ ಇದು. ಮಳೆ ಬರಲಿಲ್ಲ, ಒಂದು ಸಾಲೂ ಹೊಡೆಯಲಿಲ್ಲ, ಆದರೂ ಬಾಡಿಗೆ ಕೊಡಬೇಕು. ಅದರ ಮೇಲೆ ಲೆಕ್ಕ ರೂಪಾಯಿಯಲ್ಲಲ್ಲ, ಡಾಲರಿನಲ್ಲಿ. 1999ರ ಮೇ ತಿಂಗಳಿಂದ 740 ಮೆಗಾವ್ಯಾಟಿನ ಮೊದಲ ಹಂತ ಶುರುವಾಯಿತು. ಮಂಡಳಿ ಕಡಿಮೆ ವಿದ್ಯುತ್ತು ಎತ್ತಿದ ತಿಂಗಳಲ್ಲಿ ಯೂನಿಟ್ಟಿನ ಬೆಲೆ 7 ರೂಪಾಯಿ ದಾಟಿದ್ದೂ ಉಂಟು. 2001ರ ಮೇ ತಿಂಗಳಲ್ಲಿ ಮಂಡಳಿ ಕೊಳ್ಳುವುದನ್ನು ನಿಲ್ಲಿಸಿತು, ಕೇಂದ್ರ ಮುಚ್ಚಿತು. ಆ ವರ್ಷದ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಎನ್ರಾನ್ ಕಂಪನಿಯೇ ದಿವಾಳಿ ಎದ್ದಿತು. ಯೋಜನೆಯನ್ನು ಪರಿಶೀಲಿಸಲು ಮಾಧವ ಗೋಡಬೋಲೆಯವರ ಅಧ್ಯಕ್ಷತೆಯಲ್ಲಿ ಸಮಿತಿ ಕೂಡಿಸಿದ್ದೂ 2001ರಲ್ಲೇ, ಅಂದ್ರ ಕೆಟ್ಟ ಮೇಲೆ.

ಈ ಗದ್ದಲದಲ್ಲಿ ಒಂದು ಸಣ್ಣ ಗುಂಪಿನ ಕೆಲಸವನ್ನು ನಾನು ವಿದ್ಯಾರ್ಥಿಗಳಿಗೆ ಯಾವಾಗಲೂ ಹೇಳುತ್ತಿದ್ದೆ. ಪುಣೆಯ ‘ಪ್ರಯಾಸ’ ಸಂಸ್ಥೆಯ ಗಿರೀಶ ಸಂತ, ಶಾಂತನು ದೀಕ್ಷಿತ ಮುಂತಾದ ಎಂಜಿನಿಯರರು ಬೀದಿಗಿಳಿದು ಘೋಷಣೆ ಕೂಗಲಿಲ್ಲ. ಎನ್ರಾನ್ ಕರಾರನ್ನು ಓದಿದರು. ದರದ ಸೂತ್ರ ಬಿಡಿಸಿ, ಕಡಿಮೆ ಎತ್ತಿದರೆ ಯೂನಿಟ್ಟಿಗೆ ಎಷ್ಟು ಬೀಳುತ್ತದೆ, ಡಾಲರ್ ಏರಿದರೆ ಎಷ್ಟು ಬೀಳುತ್ತದೆ ಅಂತ ಲೆಕ್ಕ ಹಾಕಿ ಜನರ ಮುಂದಿಟ್ಟರು. ಅವರು ಹೇಳಿದ ಅಪಾಯ ಕೆಲವೇ ವರ್ಷಗಳಲ್ಲಿ ಎದುರಿಗೆ ಬಂತು. ಗಿರೀಶ ಸಂತರು 2012ರಲ್ಲಿ ಇನ್ನೂ ನಡುವಯಸ್ಸಿನಲ್ಲಿದ್ದಾಗ ತೀರಿಕೊಂಡರು. ಗ್ರಾಹಕ ಜಾಗೃತಿ ಅಂದ್ರ ಭಿತ್ತಿಪತ್ರ ಹಚ್ಚುವುದು ಅಂತ ತಿಳಿದವರಿಗೆ ಅವರ ಕೆಲಸ ಬೇರೆ ಪಾಠ ಕಲಿಸುತ್ತದೆ. ಕಾಗದ ಕೇಳಿ ಪಡೆಯಬೇಕು, ಪಡೆದ ಕಾಗದ ಓದಬೇಕು, ಓದಿದ್ದನ್ನು ಅಂಕಿಯಲ್ಲಿ ತೋರಿಸಬೇಕು.

ಅಷ್ಟರಲ್ಲಿ ದೇಶದಲ್ಲಿ ಇನ್ನೊಂದು ಬದಲಾವಣೆ ನಡೆದಿತ್ತು. ಒರಿಸ್ಸಾ ರಾಜ್ಯ 1996ರಲ್ಲಿ ತನ್ನ ಮಂಡಳಿಯನ್ನು ಒಡೆದು ದೇಶದ ಮೊದಲ ವಿದ್ಯುತ್ ನಿಯಂತ್ರಣ ಆಯೋಗ ಮಾಡಿತು. 1999ರಲ್ಲಿ ಅಲ್ಲಿ ವಿತರಣೆಯನ್ನೂ ಖಾಸಗಿಯವರಿಗೆ ಕೊಟ್ಟರು. ಅದೇ ವರ್ಷ ಮಹಾ ಚಂಡಮಾರುತ ಬಡಿದು ಕಂಬಗಳು ಮಲಗಿದವು. 2001ರಲ್ಲಿ ಒಂದು ವಿದೇಶಿ ಕಂಪನಿ ಕೈಬಿಟ್ಟು ಹೋಯಿತು. ಮಾಲೀಕ ಬದಲಾದ ಮಾತ್ರಕ್ಕೆ ಸೋರಿಕೆ ನಿಲ್ಲುವುದಿಲ್ಲ ಅಂತ ಒರಿಸ್ಸಾ ತೋರಿಸಿತು. ಆದರೆ ಆಯೋಗ ಅನ್ನುವ ಪದ್ಧತಿ ಉಳಿಯಿತು. 1998ರಲ್ಲಿ ಕೇಂದ್ರದ ಕಾಯ್ದೆ ಬಂದು, 1999ರಲ್ಲಿ ಮಹಾರಾಷ್ಟ್ರ ವಿದ್ಯುತ್ ನಿಯಂತ್ರಣ ಆಯೋಗ ಶುರುವಾಯಿತು. ಅದೇ ವರ್ಷ ಕರ್ನಾಟಕದಲ್ಲೂ ಆಯೋಗ ಬಂತು.

ಮೊದಲು ದರ ಏರಿಸುವುದು ಮಂಡಳಿ ಮತ್ತು ಮಂತ್ರಾಲಯದ ನಡುವಿನ ಮಾತು. ಪೇಪರಿನಲ್ಲಿ ಬಂದಾಗಲೇ ನಮಗೆ ಗೊತ್ತಾಗುತ್ತಿತ್ತು. ಆಯೋಗ ಬಂದ ಮೇಲೆ ಮಂಡಳಿ ಅರ್ಜಿ ಹಾಕಬೇಕಾಯಿತು. ಖರ್ಚು ಎಷ್ಟು, ವಿದ್ಯುತ್ತು ಎಲ್ಲಿ ಕೊಂಡೆವು, ಎಷ್ಟು ಸೋರಿತು, ಎಲ್ಲ ಬರೆದು ಕೊಡಬೇಕಾಯಿತು. ಆ ಕಾಗದ ಯಾರು ಬೇಕಾದರೂ ನೋಡಬಹುದಾಯಿತು. ಬಹಿರಂಗ ಸುನಾವಣಿಯಲ್ಲಿ ಯಾವ ಗ್ರಾಹಕನೂ ಎದ್ದು ನಿಂತು ಕೇಳಬಹುದಾಯಿತು. ಮುಂಬೈ ಗ್ರಾಹಕ ಪಂಚಾಯತ, ಪ್ರಯಾಸ, ಠಾಣೆ–ಬೇಲಾಪುರ ಮತ್ತು ವಿದರ್ಭದ ಉದ್ಯಮಿಗಳ ಸಂಘಗಳನ್ನು ಆಯೋಗ ಗ್ರಾಹಕ ಪ್ರತಿನಿಧಿಗಳೆಂದು ಒಪ್ಪಿಕೊಂಡಿತು. ಇಚಲಕರಂಜಿಯಿಂದ ಪ್ರತಾಪ ಹೋಗಾಡೆಯವರು ಮಗ್ಗದವರ ಪರವಾಗಿ, ರೈತರ ಪರವಾಗಿ ಫೈಲು ಹಿಡಿದು ನಿಲ್ಲುತ್ತ ಬಂದರು.

ಈ ಪ್ರಶ್ನೆ–ಉತ್ತರದಲ್ಲೇ ಹಳೆಯ ಕತ್ತಲಿಗೆ ಬೆಳಕು ಬಿತ್ತು. ‘ಮೋಟರುಗಳು ಇಷ್ಟು ಸುಟ್ಟವು ಅಂತ ಹೇಗೆ ಹೇಳ್ತೀರಿ? ಎಲ್ಲಿ ಅಳತೆ ಮಾಡಿದಿರಿ?’ ಅನ್ನುವ ಪ್ರಶ್ನೆಗೆ ಗಟ್ಟಿ ಉತ್ತರ ಇರಲಿಲ್ಲ. ಬರುಬರುತ್ತ ಕೃಷಿಯ ಅಂಕಿ ಇಳಿಯಿತು, ನಷ್ಟದ ಅಂಕಿ ಏರಿತು. 2000ದ ಮೇ 5ರಂದು ಆಯೋಗ ತನ್ನ ಮೊದಲ ದರ ಆದೇಶ ಕೊಟ್ಟ ಹೊತ್ತಿಗೆ, ನೂರಕ್ಕೆ 20ರ ಒಳಗಿದೆ ಅಂತಿದ್ದ ನಷ್ಟ ನೂರಕ್ಕೆ 30 ದಾಟಿದ್ದು ಬಯಲಾಗಿತ್ತು. ಒಂದು ವರ್ಷದಲ್ಲಿ ತಂತಿ ಹರಿದು ನಷ್ಟ ಹೆಚ್ಚಾದದ್ದಲ್ಲ. ಇಷ್ಟು ವರ್ಷ ಪಂಪಿನ ಹೆಸರಿಗೆ ಬರೆದಿದ್ದ ಕರೆಂಟು ಅದು. ಯಾರದೋ ಕಳ್ಳತನ, ಯಾರದೋ ಅಲಕ್ಷ್ಯ, ಎಲ್ಲ ಸೇರಿ ಒಕ್ಕಲಿಗನ ಖಾತೆಗೆ ಬಿದ್ದಿತ್ತು.

ಆಕಡಾ ಹಾಕುವವರು ನಮ್ಮ ಊರುಗಳಲ್ಲಿ ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಇದ್ದಾರೆ, ಎಲ್ಲರಿಗೂ ಗೊತ್ತು. ಆದರೆ ಆಕಡಾ ಹೊಲದ ಬದುವಿನಲ್ಲಿ ಕಣ್ಣಿಗೆ ಕಾಣುತ್ತದೆ, ಪಟ್ಟಣದ ಗೋಡೆಯೊಳಗೆ ತಿರುಚಿದ ಮೀಟರ್ ಕಾಣುವುದಿಲ್ಲ. ಕಂಡದ್ದರ ಮೇಲೆ ಎಲ್ಲ ಹೊರೆ ಹೊರಿಸುವುದು ನ್ಯಾಯವಲ್ಲ, ಅಷ್ಟೇ ನನ್ನ ಮಾತು.

ಮುಂದೆ 2003ರಲ್ಲಿ ಈಗಿನ ವಿದ್ಯುತ್ ಕಾಯ್ದೆ ಬಂತು. ಜೂನ್ 10ರಿಂದ ಅದು ಜಾರಿ. 1910 ಮತ್ತು 1948ರ ಹಳೆಯ ಕಾಯ್ದೆಗಳು ಹೋದವು. 2005ರ ಜೂನ್ 6ರಂದು ಎಂಎಸ್‌ಇಬಿ ಒಡೆದು ಉತ್ಪಾದನೆಗೆ ಮಹಾನಿರ್ಮಿತಿ, ಸಾಗಣೆಗೆ ಮಹಾಪಾರೇಷಣ, ಹಂಚಿಕೆಗೆ ಮಹಾವಿತರಣ ಅಂತ ಮೂರು ಕಂಪನಿ, ಅವುಗಳ ಮೇಲೆ ಒಂದು ಹಿಡುವಳಿ ಕಂಪನಿ ಆದವು. ನಾಲ್ಕೂ ಸರಕಾರದವೇ. ಬಿಲ್ಲಿನ ಸಾಲುಗಳು ಬೇರೆ ಬೇರೆಯಾದದ್ದು ಈ ಒಡಕಿನಿಂದ. ‘ವೀಜ ಆಕಾರ’ ವಿದ್ಯುತ್ತಿನ ಬೆಲೆ. ‘ವಹನ ಆಕಾರ’ ಅದು ತಂತಿಯ ಮೇಲೆ ನಿಮ್ಮ ಮನೆವರೆಗೆ ಬಂದ ಬಾಡಿಗೆ. ‘ಸ್ಥಿರ ಆಕಾರ’ ನೀವು ಸುಡಲಿ ಬಿಡಲಿ, ವ್ಯವಸ್ಥೆ ತಯಾರಾಗಿ ನಿಂತದ್ದಕ್ಕೆ ಕೊಡುವುದು. ‘ಇಂಧನ ಸಮಾಯೋಜನ’ ಕಲ್ಲಿದ್ದಲು ಮುಂತಾದವುಗಳ ಬೆಲೆ ಏರಿಳಿದದ್ದರ ಹೊಂದಾಣಿಕೆ. ‘ವೀಜ ಶುಲ್ಕ’ ಇವು ಯಾವುದೂ ಅಲ್ಲ, ಅದು ರಾಜ್ಯ ಸರಕಾರಕ್ಕೆ ಹೋಗುವ ತೆರಿಗೆ, ಮನೆ ಬಳಕೆಗೆ ನೂರಕ್ಕೆ 16. ಐದು ಸಾಲಿನಲ್ಲಿ ಐದು ಬೇರೆ ಕೈಗಳಿವೆ. ಯಾವ ಸಾಲಿನ ಬಗ್ಗೆ ಯಾರನ್ನು ಕೇಳಬೇಕು ಅಂತ ತಿಳಿದರೆ ಅರ್ಧ ಕೆಲಸ ಆದಂತೆ.

ಕಾಯ್ದೆ ಗ್ರಾಹಕನಿಗೆ ಕೊಟ್ಟದ್ದು ಕಡಿಮೆ ಏನಲ್ಲ. ಮುಖ್ಯವಾದವನ್ನು ಕಲಮಿನ ಸಮೇತ ಹೇಳುತ್ತೇನೆ, ಅರ್ಜಿ ಬರೆಯುವಾಗ ಬೇಕಾಗುತ್ತದೆ. ಅರ್ಜಿ ಕೊಟ್ಟು ಒಂದು ತಿಂಗಳೊಳಗೆ ಸಂಪರ್ಕ ಕೊಡಬೇಕು. ಹೊಸ ಲೈನು ಎಳೆಯಬೇಕಿದ್ದರೆ ಮಾತ್ರ ಆಯೋಗ ಹೇಳಿದ ಹೆಚ್ಚಿನ ಗಡುವು, ಇದು 43ನೇ ಕಲಮು. ಬಾಕಿ ಇದೆ ಅಂತ ತಂತಿ ಕಡಿಯುವ ಮುಂಚೆ ಪೂರಾ 15 ದಿನಗಳ ಲಿಖಿತ ನೋಟೀಸು ಕೊಡಲೇಬೇಕು, ಇದು 56. ಅದೇ ಕಲಮಿನ ಎರಡನೇ ಭಾಗದಂತೆ, ಬಿಲ್ಲಿನಲ್ಲಿ ಎಡೆಬಿಡದೆ ತೋರಿಸುತ್ತ ಬಂದಿರದ ಬಾಕಿಯನ್ನು ಎರಡು ವರ್ಷದ ಮೇಲೆ ವಸೂಲು ಮಾಡುವಂತಿಲ್ಲ. ಡಿಪಿ ಸುಟ್ಟರೆ, ತಂತಿ ಹರಿದರೆ ಎಷ್ಟು ತಾಸಿನೊಳಗೆ ಸರಿಪಡಿಸಬೇಕು ಅಂತ ಆಯೋಗ ಗಡುವು ಹಾಕುತ್ತದೆ. ಗಡುವು ಮೀರಿದರೆ ಪರಿಹಾರ ಕೊಡಬೇಕು, ಇದು 57. ತಕ್ರಾರು ಕೇಳಲು ವೇದಿಕೆ ಇರಬೇಕು, ಅಲ್ಲಿ ನ್ಯಾಯ ಸಿಗದಿದ್ದರೆ ಮೇಲೆ ವಿದ್ಯುತ್ ಲೋಕಪಾಲ ಇರಬೇಕು, ಇದು 42. ಮಹಾರಾಷ್ಟ್ರದಲ್ಲಿ ಲೋಕಪಾಲರು ಮುಂಬೈ ಮತ್ತು ನಾಗಪುರದಲ್ಲಿದ್ದಾರೆ. ವೇದಿಕೆಯ ಮುಂದೆ ಮಾತಾಡಲು ವಕೀಲರು ಬೇಕಿಲ್ಲ. ದರ ಬದಲಿಸುವ ಮುಂಚೆ ಅರ್ಜಿಯ ಸಾರಾಂಶ ಪ್ರಕಟಿಸಬೇಕು, ಜನರ ಆಕ್ಷೇಪಣೆ ಕೇಳಬೇಕು, ಇದು 64. ಸರಕಾರ ಯಾರಿಗಾದರೂ ರಿಯಾಯಿತಿ ಕೊಡಬೇಕೆಂದರೆ ಆ ಹಣವನ್ನು ಮುಂಗಡ ಕಟ್ಟಬೇಕು, ಇದು 65.

ಈ ಕೊನೆಯ ಕಲಮು ಯಾಕೆ ಬೇಕಿತ್ತು ಅಂತ ಮಹಾರಾಷ್ಟ್ರದವರಿಗೆ ಬೇಗನೆ ತಿಳಿಯಿತು. 2004ರಲ್ಲಿ ಚುನಾವಣೆ ಮುಂದಿದ್ದಾಗ, ನಮ್ಮ ಸೋಲಾಪುರದವರೇ ಆದ ಸುಶೀಲಕುಮಾರ ಶಿಂದೆಯವರ ಸರಕಾರ ರೈತರಿಗೆ ಮುಫತ್ತು ವಿದ್ಯುತ್ತು ಸಾರಿತು. ಮರುವರ್ಷ ಮುಂದಿನ ಸರಕಾರ ಅದನ್ನು ಹಿಂತೆಗೆದುಕೊಂಡಿತು. ಆ ವರ್ಷಗಳು ಭಾರನಿಯಮನದ ವರ್ಷಗಳೂ ಹೌದು. ಹಳ್ಳಿಯಲ್ಲಿ ದಿನದ ಹೆಚ್ಚಿನ ತಾಸು ಕತ್ತಲು. ಮೊದಲು ಯಾರ ಕರೆಂಟು ಕಡಿಯಬೇಕು ಅನ್ನುವುದಕ್ಕೂ ಲೆಕ್ಕವೇ ಆಧಾರ. ನಷ್ಟ ಹೆಚ್ಚಿದ್ದ, ವಸೂಲಿ ಕಡಿಮೆ ಇದ್ದ ಫೀಡರಿಗೆ ಹೆಚ್ಚು ಕಡಿತ. ಊರಿನ ಗಾವಠಾಣ ಫೀಡರ್ ಬೇರೆ, ಹೊಲದ ಫೀಡರ್ ಬೇರೆ ಮಾಡಿದ ಮೇಲೆ ಮನೆಗಳಿಗೆ ಸ್ವಲ್ಪ ಸುಖವಾಯಿತು. ಹೊಲಕ್ಕೆ ಹಗಲು ಎಂಟು ತಾಸು ಇಲ್ಲವೆ ರಾತ್ರಿ ಹತ್ತು ತಾಸು ಅನ್ನುವ ಪಾಳಿ ಬಂತು. ರಾತ್ರಿ ಪಾಳಿಯಲ್ಲಿ ನೀರು ಹಾಯಿಸಲು ಬ್ಯಾಟರಿ ಹಿಡಿದು, ಹಾವು ಚೇಳಿನ ನಡುವೆ ಹೋಗುವವರು ಯಾರು ಅಂತ ಈ ಪುಸ್ತಕ ಓದುವವರಿಗೆ ಹೇಳಬೇಕಿಲ್ಲ.

ವಿಚಿತ್ರ ನೋಡಿ. ದಕ್ಷಿಣದ ವಿದ್ಯುತ್ ಜಾಲವನ್ನು ಉಳಿದ ಭಾರತದ ಜಾಲಕ್ಕೆ ಜೋಡಿಸಿದ 765 ಕಿಲೋವೋಲ್ಟಿನ ತಂತಿ ರಾಯಚೂರಿನಿಂದ ಸೋಲಾಪುರಕ್ಕೆ ಬಂದಿದೆ. 2013ರ ಡಿಸೆಂಬರ್ 31ಕ್ಕೆ ಅದು ಚಾಲೂ ಆಗಿ ಇಡೀ ದೇಶ ಒಂದೇ ಜಾಲವಾಯಿತು. ಸೋಲಾಪುರದ ಪಕ್ಕದಲ್ಲೇ ಎನ್‌ಟಿಪಿಸಿಯ 1320 ಮೆಗಾವ್ಯಾಟಿನ ಉಷ್ಣ ವಿದ್ಯುತ್ ಕೇಂದ್ರ ನಿಂತಿದೆ. ದೇಶದ ವಿದ್ಯುತ್ತು ನಮ್ಮ ಭಾಗವನ್ನು ಹಾಯ್ದು ಹೋಗುತ್ತದೆ. ಆ ವಿದ್ಯುತ್ತಿನ ದರದ ಸುನಾವಣಿಗೆ ಮಾತ್ರ ನಮ್ಮ ಹಳ್ಳಿಯವರು ಹೋದದ್ದು ಬಹಳ ಅಪರೂಪ. ಸುನಾವಣಿ ಪುಣೆಯಂಥ ದೊಡ್ಡ ಊರುಗಳಲ್ಲಿ. ನೋಟೀಸು ಮರಾಠಿ ಮತ್ತು ಇಂಗ್ಲಿಷ್ ಪತ್ರಿಕೆಗಳಲ್ಲಿ. ಅರ್ಜಿಯ ದಪ್ಪ ಪುಸ್ತಕ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಓದು ಕಲಿತ ಒಬ್ಬ ಗೃಹಿಣಿಗೆ, ಒಬ್ಬ ರೈತನಿಗೆ ಈ ಹಕ್ಕು ಇದೆ ಅನ್ನುವುದೇ ತಲುಪುವುದಿಲ್ಲ. ಕಾಯ್ದೆ ಕೊಟ್ಟ ಕುರ್ಚಿ ಖಾಲಿ ಉಳಿದರೆ, ಅಲ್ಲಿ ಕೂತವರ ಲೆಕ್ಕವೇ ನಡೆಯುತ್ತದೆ. ಕಾರಖಾನೆಯವರಿಗೆ ಸಂಘವಿದೆ, ನಗರದವರಿಗೆ ಗ್ರಾಹಕ ಪಂಚಾಯತವಿದೆ. ಹೊಲದ ಮೋಟರಿನ ಪರವಾಗಿ ಬೆರಳೆಣಿಕೆಯ ಮಂದಿ.

ಲೆಕ್ಕದ ಜಗಳ ಮುಗಿಯಿತು ಅಂತಲೂ ತಿಳಿಯಬಾರದು. 2000ದಲ್ಲಿ ಬಯಲಾದದ್ದು ಮತ್ತೆ ನಿಧಾನವಾಗಿ ಮುಚ್ಚಿಕೊಂಡಿತು. ಪಂಪುಗಳ ಬಳಕೆ ಉಬ್ಬಿಸಿ ತೋರಿಸುತ್ತಾರೆ, ನಷ್ಟ ಮುಚ್ಚಿಡುತ್ತಾರೆ ಅಂತ ಹೋಗಾಡೆಯವರಂಥವರು ವರ್ಷಗಟ್ಟಲೆ ವಾದಿಸಿದರು. ಕಡೆಗೆ ಆಯೋಗ ಅಧ್ಯಯನಕ್ಕೆ ಒಂದು ಗುಂಪು ನೇಮಿಸಿತು. ಅದರ ವರದಿ ಆಧರಿಸಿ 2020ರ ಮಾರ್ಚಿನ ದರ ಆದೇಶದಲ್ಲಿ ಕೃಷಿ ಬಳಕೆಯ ಅಂಕಿಯನ್ನು ಮತ್ತೊಮ್ಮೆ ಇಳಿಸಿತು. ಇಪ್ಪತ್ತು ವರ್ಷದ ಅಂತರದಲ್ಲಿ ಒಂದೇ ಪಾಠ ಎರಡು ಸಲ. ಎರಡೂ ಸಲ ಅದು ಹೊರಬಿದ್ದದ್ದು ಯಾರೋ ಕೂತು ಅಂಕಿ ಓದಿದ್ದರಿಂದ.

ಈಗ ಗಡಿಯ ಎರಡೂ ಕಡೆ ಮುಫತ್ತಿನ ಕಾಲ. ಇಂಡಿ, ಆಳಂದ ಕಡೆಯ ನಮ್ಮ ಬೀಗರ ಮನೆಗಳಿಗೆ 2023ರ ಜುಲೈನಿಂದ ಗೃಹಜ್ಯೋತಿ, ತಿಂಗಳಿಗೆ 200 ಯೂನಿಟ್ ಒಳಗೆ ಅವರವರ ಸರಾಸರಿಯಂತೆ. ನಮ್ಮ ಕಡೆ 2024ರ ಏಪ್ರಿಲ್‌ನಿಂದ ಐದು ವರ್ಷ, 7.5 ಹಾರ್ಸ್ ಪವರ್ ವರೆಗಿನ ಹೊಲದ ಮೋಟರಿಗೆ ಬಿಲ್ ಇಲ್ಲ. “ಅತ್ತ ಮನೀಗ ಪುಕಟ, ಇತ್ತ ಹೊಲಕ್ಕ ಪುಕಟ, ಇನ್ನ ಬಿಲ್ ಯಾಕ ಓದೂದು ಮಾಸ್ತರ?” ಅಂತ ಒಬ್ಬರು ಚೇಷ್ಟೆ ಮಾಡಿದರು. ನನ್ನ ಉತ್ತರ ಇಷ್ಟು. ನೀವು ರೊಕ್ಕ ಕೊಡದಿದ್ದರೂ ಸರಕಾರ ನಿಮ್ಮ ಹೆಸರಿನಲ್ಲಿ ಕೊಡುತ್ತದೆ. ಎಷ್ಟು ಯೂನಿಟ್ಟಿಗೆ ಕೊಡಬೇಕು ಅನ್ನುವ ಅಂಕಿ ಎಲ್ಲೋ ಬರೆಯುತ್ತಾರೆ. ರೊಕ್ಕ ನಮ್ಮ ಕಿಸೆಯಿಂದ ಹೋಗುತ್ತಿದ್ದಾಗಲೇ ನಾವು ಆ ಅಂಕಿ ನೋಡಲಿಲ್ಲ, ಇನ್ನು ಪುಕಟ ಆದ ಮೇಲೆ ಯಾರು ನೋಡುತ್ತಾರೆ? ಪುಕಟ ನಿಂತ ದಿನ ಆ ಅಂಕಿಯೇ ಥಕಬಾಕಿಯ ಚರ್ಚೆಗೆ ಬರುತ್ತದೆ. ಇನ್ನೊಂದು ಮಾತೂ ಇದೆ. ಬಿಲ್ ಸೊನ್ನೆ ಇದ್ದವನ ಡಿಪಿ ಸುಟ್ಟರೂ ಗಡುವು ಅದೇ, ತಕ್ರಾರಿನ ಹಕ್ಕೂ ಅದೇ. ‘ಪುಕಟ ಕೊಡ್ತಾರ, ಹೆಂಗ ಕೇಳೂದು’ ಅಂತ ನಾಚಿಕೊಳ್ಳುವುದು ಬೇಡ.

ಹಾಗಾದರೆ ನಮ್ಮಂಥ ಊರು ಮಾಡಬಹುದಾದದ್ದು ಏನು? ದೊಡ್ಡದೇನೂ ಬೇಕಿಲ್ಲ. ತಿಂಗಳಾ ಒಂದೇ ತಾರೀಖಿಗೆ ಮನೆಯ ಮೀಟರಿನ ಅಂಕಿಯನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಬಿಲ್ಲಿನಲ್ಲಿರುವ ‘ಚಾಲೂ ರೀಡಿಂಗ್’ ಅದಕ್ಕೆ ಹೊಂದುತ್ತದೋ ನೋಡಿ. ಹಳೆಯ ಬಿಲ್ಲುಗಳನ್ನು ಎಸೆಯಬೇಡಿ. ಡಿಪಿ ಸುಟ್ಟಾಗ ವಾಯರ್‌ಮನ್‌ಗೆ ಫೋನು ಮಾಡಿ ಸುಮ್ಮನಾಗದೆ, ತಾರೀಖು ಮತ್ತು ಹೊತ್ತು ಹಾಕಿ ಅರ್ಜಿ ಕೊಡಿ, ಪೋಚ್ ತೆಗೆದುಕೊಳ್ಳಿ. ವಾಯರ್‌ಮನ್ ನಮ್ಮವನೇ, ಮಳೆಯಲ್ಲಿ ಕಂಬ ಹತ್ತುವವನು, ಅವನ ಮೇಲೆ ಕೂಗಾಡಿ ಫಲವಿಲ್ಲ. ಕಾಗದ ಮೇಲಿನವರಿಗೆ ಹೋಗಬೇಕು. ದರದ ಅರ್ಜಿಯ ನೋಟೀಸು ಪೇಪರಿನಲ್ಲಿ ಬಂದಾಗ ವಾಚನಾಲಯದಲ್ಲಿ ಅದರ ಸಾರ ಕನ್ನಡದಲ್ಲಿ ಬರೆದು ಹಚ್ಚಬಹುದು. ಆಕ್ಷೇಪಣೆ ಕಳಿಸಲು ಪುಣೆಗೆ ಹೋಗಲೇಬೇಕು ಅಂತಿಲ್ಲ, ಬರೆದೂ ಕಳಿಸಬಹುದು. ಹತ್ತು ಊರಿನಿಂದ ಹತ್ತು ಕಾಗದ ಹೋದರೆ, ನಮ್ಮ ಫೀಡರಿನ ಪಂಪುಗಳು ಎಷ್ಟು ಸುಟ್ಟವು, ಆ ಅಂಕಿ ಹೇಗೆ ತೆಗೆದಿರಿ ಅಂತ ಹತ್ತು ಸಲ ಉತ್ತರ ಕೊಡಬೇಕಾಗುತ್ತದೆ.

ಶಿಕ್ಷಕ ಮಿತ್ರರಲ್ಲಿ ಒಂದು ಬಿನ್ನಹ. ಏಳನೇ ಎಂಟನೇ ಇಯತ್ತೆಯ ಮಕ್ಕಳಿಗೆ ಶೇಕಡಾವಾರು ಕಲಿಸುವಾಗ ಪುಸ್ತಕದ ಲೆಕ್ಕದ ಜೊತೆಗೆ ಅವರವರ ಮನೆಯ ಲೈಟ್ ಬಿಲ್ ತರಿಸಿ. ಶುಲ್ಕ ನೂರಕ್ಕೆ 16 ಸರಿ ಹಾಕಿದ್ದಾರೋ ತೆಗೆದು ನೋಡಲಿ. ಮೇಲೆ ಹೇಳಿದ 100 ಯೂನಿಟ್ಟಿನ ಲೆಕ್ಕವನ್ನೂ ಹಲಗೆಯ ಮೇಲೆ ಬರೆಯಿರಿ. ಮೋಟರಿಗೆ 35 ಅಂತ ಬರೆಯಬೇಕೋ 20 ಅಂತ ಬರೆಯಬೇಕೋ, ಗೊತ್ತು ಮಾಡಲು ಏನೇನು ಅಳೆಯಬೇಕು ಅಂತ ಮಕ್ಕಳನ್ನೇ ಕೇಳಿ. ಒಂದು ಹುಡುಗಿ ಎದ್ದು ‘ಫೀಡರಿಗೆ ಮೀಟರ್ ಕೂಡಿಸಬೇಕ್ರಿ ಸರ್’ ಅಂದರೆ, ದೇಶದ ದೊಡ್ಡವರು ಇಪ್ಪತ್ತು ವರ್ಷ ಜಗಳಾಡಿದ ಮಾತು ಅವಳಿಗೆ ಒಂದು ತಾಸಿನಲ್ಲಿ ತಿಳಿದಂತೆ.